ಗೊತ್ತಿದ್ದವರ ಹೆಸರು

ರಕ್ತ ತೆಗೆಯುವುದನ್ನು ಕಲಿಯತೊಡಗಿದ ಮೇಲೆ ಕೃಪಾಳ ಕಣ್ಣು ಯಾರ ಮುಖಕ್ಕೂ ನೇರವಾಗಿ ಹೋಗದಾಗಿತ್ತು. ಮೊದಲು ತೋಳು, ಮೊಳಕೈಯ ಒಳಮಡಿಕೆ, ಅಲ್ಲಿ ಚರ್ಮದ ಕೆಳಗೆ ಮಸುಕಾಗಿ ಎದ್ದ ನರ, ಮುಖ ಆಮೇಲೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವ ಹೆಂಗಸಿನದು ಒಳ್ಳೆಯ ಕೈ, ಕಣ್ಣು ಮುಚ್ಚಿ ಹುಡುಕಿದರೂ ನರ ಸಿಕ್ಕೀತು. ಮೂಲೆಯ ಡೈರಿಯಲ್ಲಿ ಹಾಲು ಬ್ರೆಡ್ಡು ಮಾರುವ ಗುಜರಾತಿ ಮುದುಕನದು ಮೋಸದ ಕೈ. ನರ ಹಗ್ಗದಷ್ಟು ದಪ್ಪ ಕಾಣುತ್ತದೆ, ಬೆರಳಿಟ್ಟರೆ ಪಕ್ಕಕ್ಕೆ ಜಾರುತ್ತದೆ. ರೊಟೊಟೂನ ಬಡಾವಣೆಯಲ್ಲಿ ಪರಿಚಯದ ಅಪೂರ್ವಾಳ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ, ಎಲ್ಲರೂ ಮಂಗಳಾರತಿಗೆ ಕೈ ಚಾಚಿದರೆ ಅವಳಿಗೆ ದೀಪವೇ ಕಾಣಲಿಲ್ಲ. ಬಳೆ ಹಿಂದಕ್ಕೆ ಸರಿದ ಕೈಗಳು, ಗಡಿಯಾರ ಕಟ್ಟಿದ ಕೈಗಳು, ಒಂದೊಂದರಲ್ಲೂ ಸೂಜಿ ಎಲ್ಲಿ ಇಳಿಯಬಹುದು ಎಂದು ಮನಸ್ಸು ತಾನೇ ತಾನಾಗಿ ಗುರುತು ಹಾಕುತ್ತ ಹೋಗಿತ್ತು. ಯಾರೋ ಸ್ನಾನ ಮಾಡುವುದನ್ನು ಇಣುಕಿ ನೋಡಿದ ಹಾಗೆ ನಾಚಿಕೆಯಾಗಿತ್ತು. ಆ ನಾಚಿಕೆಯ ತಳದಲ್ಲಿ ಒಂದು ಹೆಮ್ಮೆಯೂ ಸದ್ದಿಲ್ಲದೆ ಕೂತಿತ್ತು: ಇಷ್ಟು ಜನರ ನಡುವೆ ಇದು ಕಾಣುವುದು ತನಗೊಬ್ಬಳಿಗೇ.

ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅವಳು ಚಿಕಿತ್ಸೆಯ ಕೋಣೆಯಲ್ಲಿದ್ದಳು. ಮಂಚದ ಮೇಲಿನ ನಿನ್ನೆಯ ಕಾಗದವನ್ನು ಹರಿದು ಹಾಕಿ, ರೆಕ್ಸಿನ್ನನ್ನು ತಲೆಯಿಂದ ಕಾಲಿನ ಕಡೆಗೆ ಒರೆಸಿ, ಹೊಸ ಕಾಗದ ಎಳೆದಳು. ತಲೆಗೆ ಇಡುವ ದಿಂಬಿಗೆ ಬಿಳಿಯ ಗವಸು, ಕಾಲಿಗೋ ಕೈಗೋ ಆಸರೆ ಕೊಡುವ ದಿಂಬಿಗೆ ನೀಲಿಯದು. ಅದು ಇದಕ್ಕೆ, ಇದು ಅದಕ್ಕೆ ಆಗಕೂಡದು. ತಲೆ ಎನ್ನುವುದು ಇಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳಿಗೆ ಪವಿತ್ರ, ಮೇಜಿನ ಮೇಲೆ ಕುಂಡೆ ಇಟ್ಟು ಕೂರಬಾರದು ಎಂದು ಹೂಯಿಯಾ ಮೊದಲ ವಾರ ಹೇಳಿಕೊಟ್ಟಾಗ ಕೃಪಾಳಿಗೆ ಹೊಸದೆನಿಸಿರಲಿಲ್ಲ. ಕಾಲ ಬಳಿ ಇದ್ದ ದಿಂಬನ್ನು ತಲೆಗೆ ಇಟ್ಟುಕೊಂಡದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡವಳು ಅವಳು. ಹೂಯಿಯಾ ಇಲ್ಲಿಯ ಹಿರಿಯ ನರ್ಸು. ಅಗಲವಾದ ಹೆಗಲಿನ, ಬೆಳ್ಳಗಾಗುತ್ತಿರುವ ಕೂದಲನ್ನು ಮೇಲೆತ್ತಿ ಕಟ್ಟುವ, ಮಾತು ಕಡಿಮೆಯ ಹೆಂಗಸು. ಇವತ್ತು ಅವಳು ಈ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೃಪಾ ರಕ್ತ ತೆಗೆಯುವುದನ್ನು ಮೊದಲ ಮಾತಿನಿಂದ ಕೊನೆಯ ಚೀಟಿಯವರೆಗೆ ನೋಡಬೇಕು, ಸರಿಯಿದ್ದರೆ ಸಹಿ ಹಾಕಬೇಕು. ಆ ಸಹಿ ಬಿದ್ದರೆ ಇನ್ನು ಮುಂದೆ ಕೃಪಾ ಒಬ್ಬಳೇ ಸೂಜಿ ಹಿಡಿಯಬಹುದು, ಬಾಗಿಲು ಮುಚ್ಚಿಕೊಂಡು, ಯಾರೂ ಹಿಂದೆ ನಿಲ್ಲದೆ.

ಹಿಂದೆ ಎರಡು ಸಲ ಆಗಿರಲಿಲ್ಲ. ಮೊದಲ ಸಲ ಟೆ ಆವಮುಟುವಿನ ಕಡೆಯ ರೈತನೊಬ್ಬನ ಕೈಯಲ್ಲಿ ರಕ್ತ ಚರ್ಮದೊಳಗೇ ಸೋರಿ ನೇರಳೆಹಣ್ಣಿನ ಗಾತ್ರ ಊದಿತ್ತು. ಅವನು ಪಾಪ, ಹಸು ಒದ್ದರೆ ಇದಕ್ಕಿಂತ ಜಾಸ್ತಿ ಆಗುತ್ತದೆ ಎಂದು ನಕ್ಕಿದ್ದ. ಎರಡನೆಯ ಸಲ ಸೂಜಿ ಕಂಡೊಡನೆ ರೋಗಿಯೇ ಕುರ್ಚಿಯಿಂದ ಜಾರಿದ್ದಳು. ಈ ಸಲವೂ ಆಗದಿದ್ದರೆ ರಕ್ತ ತೆಗೆಯುವ ಕೆಲಸಕ್ಕೆ ಮುಂದಿನ ತಿಂಗಳು ಬರುವ ಹೊಸಬಳನ್ನು ತಯಾರು ಮಾಡೋಣ ಎಂದು ಕ್ಲಿನಿಕ್ಕಿನ ಮ್ಯಾನೇಜರು ತುಂಬ ನಯವಾಗಿ, ಇಲ್ಲಿಯವರು ಎಲ್ಲದಕ್ಕೂ ಹೇಳುವ ಹಾಗೆ ‘ಆಲ್ ಗುಡ್’ ಎಂದು ಸೇರಿಸಿ ಹೇಳಿದ್ದಳು. ಉಳಿದ ಕೆಲಸಗಳನ್ನು ಕೃಪಾ ಕೀಳೆಂದು ಎಣಿಸಿದವಳಲ್ಲ. ಬಿಪಿ ನೋಡುವ ಮೊದಲು ರೋಗಿಯನ್ನು ಸುಮ್ಮನೆ ಕೂರಿಸುವುದು, ಕಾಲ ಮೇಲಿನ ಕಾಲು ಇಳಿಸುವುದು, ದಪ್ಪ ತೋಳಿಗೆ ದೊಡ್ಡ ಪಟ್ಟಿ ಹುಡುಕುವುದು, ಯಂತ್ರ ಊದುವಾಗ ತಾನೂ ಮಾತಾಡದೆ ಅವರನ್ನೂ ಮಾತಾಡಗೊಡದಿರುವುದು. ಇಸಿಜಿ ಬಿಲ್ಲೆಗಳನ್ನು ಪಕ್ಕೆಲುಬು ಎಣಿಸಿಯೇ ಅಂಟಿಸುವುದು, ಅಂಟಿಸುವಾಗ ಹೆಂಗಸರ ಎದೆಯ ಮೇಲಿನ ಟವೆಲ್ಲು ಸರಿಯದಂತೆ ನೋಡಿಕೊಳ್ಳುವುದು. ಕಾಗದದ ಮೇಲೆ ಗೆರೆ ಹೇಗೇ ಬರಲಿ ಮುಖದಲ್ಲಿ ಏನನ್ನೂ ತೋರಿಸದೆ ನರ್ಸನ್ನು ಕರೆಯುವುದು. ಇವೆಲ್ಲ ಅವಳ ಕೈಗೆ ಅಡಿಗೆಯ ಹಾಗೆ ಬಂದಿದ್ದವು. ಆದರೆ ಸೂಜಿ ಬೇರೆ. ಒಬ್ಬರ ಚರ್ಮದ ಒಳಕ್ಕೆ ಹೋಗಿ ಬರುವ ಹಕ್ಕು ಅದು.

ಅಪೂರ್ವಾಳ ಮನೆಯ ಆ ಪೂಜೆಯ ದಿನವೇ ಗಂಡ ಪ್ರಮೋದ್ ಕೃಪಾಳನ್ನು ನರ್ಸ್ ಮಾಡಿದ್ದು. ಪ್ರಸಾದದ ತಟ್ಟೆ ಹಿಡಿದು ಗರಾಜಿನಲ್ಲಿ ಗಂಡಸರು ನಿಂತಿದ್ದರು. ಅಪೂರ್ವಾಳ ಮಾವ ಉದಯಶಂಕರ್ ಮೈಸೂರಿನಿಂದ ಬಂದು ಮಗ ಚೇತನ್‌ನ ಮನೆಯಲ್ಲೇ ನೆಲೆಸಿದವರು, ಸಬ್ ರಿಜಿಸ್ಟ್ರಾರ್ ಆಗಿ ನಿವೃತ್ತರಾದವರು. ಇಸ್ತ್ರಿ ಹಾಕಿದ ಷರಟಿನ ತೋಳನ್ನು ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡೇ ಇರುವವರು. ಅವರು ಎಲ್ಲರ ಹೆಂಡಂದಿರೂ ಏನು ಮಾಡುತ್ತಾರೆಂದು ಸಾಲಾಗಿ ವಿಚಾರಿಸುತ್ತಿದ್ದರು. ಬ್ಯಾಂಕು, ಸಾಫ್ಟ್‌ವೇರು, ಯೂನಿವರ್ಸಿಟಿ. ಪ್ರಮೋದ್‌ನ ಸರದಿ ಬಂದಾಗ ಅವನು ಒಂದು ಗಳಿಗೆಯೂ ತಡವರಿಸದೆ, ನಮ್ಮಾಕಿ ನರ್ಸ್ ಅದಾಳ್ರಿ, ಎಂದ. ಮೆಟ್ಟಿಲ ಮೇಲೆ ನೀರಿನ ಜಗ್ಗು ಹಿಡಿದು ನಿಂತಿದ್ದ ಕೃಪಾ ಅದನ್ನು ಕೇಳಿದಳು. ಮುದುಕರು ಅವಳ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದರು. ಅವಳು ನಕ್ಕಳು, ಜಗ್ಗು ಮುಂದೆ ಮಾಡಿದಳು, ಅಷ್ಟೇ. ಮನೆಗೆ ಹೋಗುವಾಗ ಕಾರಿನಲ್ಲಿ ಯಾಕೆ ಹಾಗೆ ಹೇಳಿದೆ ಎಂದು ಕೇಳಿದ್ದಕ್ಕೆ ಪ್ರಮೋದ್ ಹಾದಿಯ ಮೇಲಿನ ಕಣ್ಣು ತೆಗೆಯದೆ ಹೇಳಿದ್ದ:

“ಅದ್ರಾಗ ಏನ್ ತಪ್ಪೈತಿ? ಕ್ಲಿನಿಕಲ್ ಅಸಿಸ್ಟೆಂಟ್ ಅಂದ್ರ ಯಾರಿಗ್ ತಿಳೀತೈತಿ ಹೇಳು. ನೆಲಾ ಒರಸಾಕಿ ಅನ್ಕೋತಾರ.”

ನೆಲವನ್ನೂ ಒರೆಸುತ್ತೇನಲ್ಲ ಎಂದು ಅವಳಿಗೆ ಅನಿಸಿತ್ತು, ಅನ್ನಲಿಲ್ಲ. ಮೈಸೂರು ಬೆಂಗಳೂರಿನವರ ನಡುವೆ ತಮ್ಮ ಹಾವೇರಿಯ ಮಾತು ಕೇಳಿದರೇ ಒಂದು ಸಣ್ಣ ನಗೆ ಹರಿದಾಡುವ ಕಡೆ, ಪ್ರಮೋದ್ ಹೆಂಡತಿಗೆ ಒಂದು ಮೆಟ್ಟಿಲು ಏರಿಸಿ ಕೊಟ್ಟಿದ್ದ. ಅದು ಪ್ರೀತಿಯೇ. ಆದರೂ ಆ ದಿನದಿಂದ ಅವಳು ಆ ಮನೆಯವರು ಎದುರಾದಾಗಲೆಲ್ಲ ಕೊರಳಿನ ಬ್ಯಾಡ್ಜನ್ನು ತಿರುಗಿಸಿಕೊಳ್ಳುತ್ತಿದ್ದಳು.

ಅವಳ ಅಪ್ಪ ಲಿಂಗರಾಜನನ್ನೂ ಜನ ಡಾಕ್ಟರ್ ಎನ್ನುತ್ತಿದ್ದರು. ಶಿಗ್ಗಾಂವಿಯ ಕಡೆಯ ದನದ ದವಾಖಾನೆಯಲ್ಲಿ ಅವನು ಜವಾನ. ಕಂಬಿಯ ನಡುವೆ ದನವನ್ನು ತೂರಿಸಿ, ಮೂಗು ಹಿಡಿದು, ಡಾಕ್ಟರು ಸೂಜಿ ಚುಚ್ಚುವವರೆಗೆ ಅದು ಕದಲದಂತೆ ನಿಲ್ಲಿಸುವುದು ಅವನ ಕೆಲಸ. ಊಟದ ಗಂಟು ತಂದ ಕೃಪಾ ಬೇವಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅಪ್ಪ ಹಗ್ಗ ಎಳೆಯುತ್ತಿರಲಿಲ್ಲ. ಮೊದಲು ಅಂಗೈಯನ್ನು ಆಕಳ ಮೂತಿಯ ಮುಂದೆ ಹಿಡಿಯುತ್ತಿದ್ದ, ಅದು ಮೂಸಲಿ ಎಂದು ಕಾಯುತ್ತಿದ್ದ. ಆಮೇಲೆ ಕುತ್ತಿಗೆಯ ಮೇಲೆ ಬೆರಳಾಡಿಸಿ ನರ ಎಬ್ಬಿಸಿ ಡಾಕ್ಟರಿಗೆ ತೋರಿಸುತ್ತಿದ್ದ. ಹಳ್ಳಿಯವರು ಡಾಕ್ಟ್ರ ಎಂದು ಕೂಗಿದರೆ ಓ ಎನ್ನುತ್ತಿದ್ದ. ಹೊಸದಾಗಿ ವರ್ಗವಾಗಿ ಬಂದ ಡಾಕ್ಟರೊಬ್ಬರು ಇದ್ದಾಗ ಹೀಗೇ ಯಾರೋ ಬಾಗಿಲಲ್ಲಿ ನಿಂತು ಡಾಕ್ಟ್ರ ಎಂದು ಕೂಗಿದರು, ಇಬ್ಬರೂ ಒಟ್ಟಿಗೆ ತಿರುಗಿದರು. ಡಾಕ್ಟರು ನಗುತ್ತ, ಹೋಗ್ರಿ ಡಾಕ್ಟ್ರ, ನಿಮ್ಮನ್ನ ಕರ್ಯಾಕತ್ತಾರ, ಬಕೀಟು ತಗೊಂಡ ಹೋಗ್ರಿ, ಎಂದರು. ಅಪ್ಪನ ಕಿವಿ ಕೆಂಪಾಯಿತು. ಅವನು ನಿಜವಾಗಿಯೂ ಬಕೀಟು ತೆಗೆದುಕೊಂಡು ಹೋದ. ಅಷ್ಟು ಒಳ್ಳೆಯ ಕೈಯ ಮನುಷ್ಯ ಬೇರೆಯವರ ಹೆಸರಿಗೆ ಓಗೊಟ್ಟು ಸಣ್ಣವನಾಗಿಬಿಟ್ಟ ಎಂದು ಅವಳಿಗೆ ಆಗ ಅರ್ಥವಾಗಿರಲಿಲ್ಲ. ಅವನ ಕೆಂಪು ಕಿವಿ ಮಾತ್ರ ಕಣ್ಣಿನಲ್ಲಿ ಉಳಿದುಹೋಗಿತ್ತು, ಈಗ ಸೂಜಿಗಳ ತಟ್ಟೆಯನ್ನು ಜೋಡಿಸುತ್ತಿರುವಾಗಲೂ.

ದಿನದ ಪಟ್ಟಿಯಲ್ಲಿ ರಕ್ತ ಪರೀಕ್ಷೆಗೆ ಇದ್ದ ಮೊದಲ ಹೆಸರನ್ನು ಅವಳು ಎರಡು ಸಲ ಓದಿದಳು. ಉದಯಶಂಕರ್. ದೂರದ ಲ್ಯಾಬಿಗೆ ಓಡಾಡಲಾಗದ ಹಿರಿಯರಿಗೆ ಇಲ್ಲೇ ರಕ್ತ ತೆಗೆದು ಕಳಿಸುವ ಏರ್ಪಾಡಿತ್ತು, ಇವರಿಗೆ ಸಕ್ಕರೆ, ಕಿಡ್ನಿ ನೋಡಬೇಕಿತ್ತು. ಬೇರೆ ಯಾರನ್ನಾದರೂ ಮೊದಲು ಕರೆಯಬಹುದೇ ಎಂದು ಹೂಯಿಯಾಳನ್ನು ಕೇಳೋಣ ಎಂದುಕೊಂಡಳು. ಕಾರಣ ಏನು ಹೇಳುವುದು? ಬ್ಯಾಡ್ಜು ತಿರುಗಿಸಿಕೊಂಡು ಕಾಯುವ ಹಾಲಿಗೆ ಹೋದಳು. ಅಪೂರ್ವಾ ಫೋನಿನಲ್ಲಿ ಆಫೀಸಿನ ಮಾತಾಡುತ್ತ ಹೊರಗೆ ಕಾರಿನ ಬಳಿ ಇದ್ದಳು. ಮುದುಕರು ಒಬ್ಬರೇ, ಮಂಡಿಯ ಮೇಲೆ ಟೋಪಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವಳನ್ನು ನೋಡಿದೊಡನೆ ಮುಖ ಬಿಚ್ಚಿಕೊಂಡಿತು.

“ಏನಮ್ಮ ಕೃಪಾ, ನೀನೇನಾ ಇವತ್ತು? ಸದ್ಯ. ಯಾರೋ ಗುರುತಿಲ್ಲದೋರ ಕೈಗೆ ಸಿಕ್ಕಿಹಾಕ್ಕೋತೀನೇನೋ ಅಂದ್ಕೊಂಡಿದ್ದೆ.”

ಬನ್ನಿ ಅಂಕಲ್ ಎಂದು ಅವಳು ಬಾಗಿಲು ಹಿಡಿದಳು. ಕುರ್ಚಿಯಲ್ಲಿ ಕೂರಿಸಿದಳು. ಇಲ್ಲಿ, ಕೂತ ತಕ್ಷಣ, ಕೈಗೆ ಏನನ್ನೂ ತೆಗೆದುಕೊಳ್ಳುವ ಮೊದಲು, ಒಂದು ಮಾತು ಆಗಬೇಕು. ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ನೀವೇ ಹೇಳಿ ಎಂದು ಕೇಳಬೇಕು. ನೀವು ಇಂಥವರಲ್ಲವೇ ಎಂದು ಕೇಳಕೂಡದು, ಏಕೆಂದರೆ ಕಿವಿ ಮಂದವಾದವರು, ಭಯಗೊಂಡವರು ಎಲ್ಲದಕ್ಕೂ ಹೌದೆನ್ನುತ್ತಾರೆ. ಅವರ ಬಾಯಿಂದಲೇ ಬರಬೇಕು, ಕೈಲಿದ್ದ ಕಾಗದಕ್ಕೆ ತಾಳೆಯಾಗಬೇಕು. ಹೂಯಿಯಾ ಇದನ್ನು ಹೇಳಿಕೊಡುವಾಗ ಮೇಜಿನ ಮೇಲೆ ಬೆರಳು ಕುಟ್ಟಿದ್ದಳು: ನಿನ್ನ ತಾಯಿಯೇ ಬಂದು ಕೂತರೂ. ಕೃಪಾ ನೂರಾರು ಜನರನ್ನು ಕೇಳಿದ್ದಳು. ಈಗ ಬಾಯಿ ತೆರೆದಳು. ಎದುರಿಗೆ ತನ್ನ ತಂದೆಗಿಂತ ಹಿರಿಯರು, ಅವರ ಮನೆಯ ಎಲೆಯಲ್ಲಿ ಉಂಡಿದ್ದಾಳೆ, ಈಗಷ್ಟೇ ತನ್ನ ಹೆಸರು ಹಿಡಿದು ಕರೆದಿದ್ದಾರೆ. ಇಂಥವರ ಮುಖ ನೋಡಿ ನಿಮ್ಮ ಹೆಸರೇನು ಎನ್ನುವುದು ಹೇಗೆ? ಅದರ ಬದಲು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೇ ಅಂಕಲ್ ಎಂದು ಕೇಳಿದಳು. ಇಲ್ಲವೆಂದು ಅವರು ಷರಟಿನ ಗುಂಡಿ ಬಿಚ್ಚಿ ತೋಳು ಮಡಿಸಿಕೊಟ್ಟರು. ಅವಳು ಪಟ್ಟಿ ಬಿಗಿಯುತ್ತಿದ್ದಾಗ ಹೂಯಿಯಾ ಒಳಬಂದು ಮೂಲೆಯ ಸ್ಟೂಲಿನಲ್ಲಿ ಕೂತಳು. ಹೊರಗೆ ಮಗುವೊಂದು ವಾಂತಿ ಮಾಡಿಕೊಂಡದ್ದರಿಂದ ತಡವಾಯಿತೆಂದು ಕ್ಷಮೆ ಕೇಳಿ, ಹೆಸರು, ಹುಟ್ಟಿದ ದಿನ ಎಲ್ಲ ತಾಳೆ ನೋಡಿಕೊಂಡೆಯಾ ಎಂದಳು. ಆಲ್ ಗುಡ್, ಎಂದಳು ಕೃಪಾ.

ಆಮೇಲೆ ಆದದ್ದು ಅವಳ ಜೀವನದಲ್ಲಿ ಅಷ್ಟು ಚೆನ್ನಾಗಿ ಹಿಂದೆಂದೂ ಆಗಿರಲಿಲ್ಲ. ಮುದುಕರ ಚರ್ಮ ಸಿಗರೇಟಿನ ಕಾಗದದಷ್ಟು ತೆಳ್ಳಗಿತ್ತು, ನರ ಮೇಲೆಯೇ ಕಾಣುತ್ತಿತ್ತು, ಆದರೆ ಅಲ್ಲಾಡುವಂಥದು. ಅವಳು ಅದನ್ನು ಬಿಟ್ಟಳು. ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ಸ್ಪಂಜಿನ ಹಾಗೆ ಪುಟಿಯುವ ಇನ್ನೊಂದು ಒಳಗಡೆ ಇತ್ತು. ಅದರ ಮೇಲೆ ತೋರುಬೆರಳಿಟ್ಟು, ಎತ್ತಿ, ಮತ್ತೆ ಇಟ್ಟು, ಇದೇ ಎಂದು ಒಪ್ಪಿಕೊಂಡಳು. ಸ್ಪಿರಿಟ್ಟು ಒರೆಸಿದ್ದು ಒಣಗುವವರೆಗೆ ಊದದೆ, ಬೀಸದೆ ಕಾದಳು. ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು, ಸಣ್ಣಗೆ ಚುರ್ರೆನ್ನುತ್ತೆ ಎಂದು ಹೇಳಿ ಸೂಜಿ ಇಳಿಸಿದಳು. ಮುದುಕರ ಹುಬ್ಬು ಕೂಡ ಅಲ್ಲಾಡಲಿಲ್ಲ. ಕೊಳವೆಯೊಳಕ್ಕೆ ರಕ್ತ ಕಡುಗೆಂಪಾಗಿ, ನಿಧಾನವಾಗಿ, ತಾನಾಗಿ ಬಂತು. ಒಂದು ಕೊಳವೆ ತುಂಬಿ ಇನ್ನೊಂದು, ಪಟ್ಟಿ ಸಡಿಲಿಸಿ, ಹತ್ತಿಯಿಟ್ಟು ಸೂಜಿ ಹೊರಗೆ, ಸೂಜಿ ಹಳದಿ ಡಬ್ಬಿಗೆ. ಕೊಳವೆಗಳನ್ನು ಅಲುಗಿಸದೆ ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ ಬೆರೆಸಿದಳು. ಹೂಯಿಯಾಳ ಕಡೆ ನೋಡದಿದ್ದರೂ ಅವಳ ಉಸಿರು ಹಗುರಾದದ್ದು ಕೇಳಿಸಿತು. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಕೇಳಿಸಿತು.

ಚೀಟಿ ಬರೆಯುವುದೊಂದೇ ಉಳಿದಿತ್ತು. ರೋಗಿ ಎದುರಿಗೆ ಇರುವಾಗಲೇ, ಅವರು ಹೇಳಿದ ಹೆಸರನ್ನು ಕೊಳವೆಯ ಮೇಲೆ ಬರೆಯಬೇಕು. ಅವರು ಹೇಳಿದ ಹೆಸರು. ಅವಳ ಪೆನ್ನು ಚೀಟಿಯ ಮೇಲೆ ನಿಂತಿತು. ಇವರು ಉದಯಶಂಕರ್ ಅಲ್ಲದೆ ಇನ್ಯಾರು? ಚೇತನ್‌ನ ಅಪ್ಪ, ಅಪೂರ್ವಾಳ ಮಾವ, ಪಾಯಸಕ್ಕೆ ಎರಡನೆಯ ಸಲ ಬೇಡವೆನ್ನುತ್ತಲೇ ಬಟ್ಟಲು ಮುಂದೆ ಮಾಡಿದವರು. ಸೂರ್ಯನನ್ನು ನೀನು ಸೂರ್ಯನೇನು ಎಂದು ಕೇಳುವುದುಂಟೆ? ಬರೆದುಬಿಟ್ಟರೆ ಒಂದು ಅಕ್ಷರವೂ ತಪ್ಪಾಗುವುದಿಲ್ಲ. ಈ ರಕ್ತ ಲ್ಯಾಬಿಗೆ ಹೋಗುತ್ತದೆ, ಸರಿಯಾದ ಉತ್ತರ ಬರುತ್ತದೆ, ಸಹಿ ಬೀಳುತ್ತದೆ, ಸಂಜೆ ಪ್ರಮೋದ್ ಹೊರಗೆ ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ಹೂಯಿಯಾಳಿಗೆ ತಿಳಿಯುವುದಿಲ್ಲ, ಮುದುಕರಿಗಂತೂ ಕೇಳಬೇಕಿತ್ತೆಂಬುದೇ ಗೊತ್ತಿಲ್ಲ. ಇಷ್ಟು ಚೆಂದದ ರಕ್ತ. ಅಂಗೈಯಲ್ಲಿ ಕೊಳವೆ ಇನ್ನೂ ಬೆಚ್ಚಗಿತ್ತು, ಆಗತಾನೇ ಇಟ್ಟ ಕೋಳಿಮೊಟ್ಟೆಯ ಬೆಚ್ಚಗೆ. ಗೊತ್ತಿದ್ದವರನ್ನು ಕೇಳದೆ ಬಿಡಬಹುದೆಂದು ಇವತ್ತು ಕೈಗೆ ರೂಢಿಯಾದರೆ ನಾಳೆ ಗೊತ್ತಿದ್ದ ಹಾಗೆ ಅನಿಸಿದವರನ್ನೂ ಅದು ಕೇಳದೆ ಬಿಡುತ್ತದೆ. ಅವಳಿಗೆ ಇದ್ದಕ್ಕಿದ್ದಂತೆ ಬಾಗಿಲಲ್ಲಿ ಯಾರೋ ಡಾಕ್ಟ್ರ ಎಂದು ಕೂಗಿದ ಹಾಗಾಯಿತು, ತಾನು ತಿರುಗಲು ಹೊರಟ ಹಾಗಾಯಿತು. ಆ ಸಹಿ ಬಿದ್ದರೆ ಆ ಕೂಗಿಗೆ ಪ್ರತಿ ಸಲ ತಿರುಗುತ್ತಲೇ ಇರಬೇಕಾಗುತ್ತದೆ.

ಪೆನ್ನು ಕೆಳಗಿಟ್ಟಳು. ಹೂಯಿಯಾಳ ಕಡೆ ತಿರುಗಿ, ನಾನು ಹೆಸರು ಕೇಳಿಲ್ಲ ಎಂದಳು. ಹುಟ್ಟಿದ ದಿನವನ್ನೂ ಕೇಳಿಲ್ಲ. ನೀನು ಕೇಳಿದಾಗ ಆಲ್ ಗುಡ್ ಅಂದೆ, ಅದು ನಿಜವಲ್ಲ.

ಹೂಯಿಯಾ ಪೆನ್ನಿನ ಮುಚ್ಚಳವನ್ನು ಹಾಕಿದಳು. ನಿನಗೆ ಇವರು ಗೊತ್ತು ಅಲ್ಲವೇ ಎಂದು ಕೇಳಿದಳು. ಗೊತ್ತು, ಅದಕ್ಕೇ ಕೇಳಲಾಗಲಿಲ್ಲ ಎಂದಳು ಕೃಪಾ. ಹಾಗಾದರೆ ಏನು ಮಾಡಬೇಕು ಎಂದು ನಿನಗೇ ಗೊತ್ತಿದೆ ಎಂದು ಹೂಯಿಯಾ ಹಳದಿ ಡಬ್ಬಿಯನ್ನು ಕಾಲಿನಿಂದ ಒಂದಿಷ್ಟು ಹತ್ತಿರಕ್ಕೆ ತಳ್ಳಿದಳು. ಕೃಪಾ ಎರಡೂ ಕೊಳವೆಗಳನ್ನು ಅದರೊಳಗೆ ಬಿಟ್ಟಳು. ಅವು ತಳಕ್ಕೆ ಬಿದ್ದ ಸದ್ದು ಇಷ್ಟು ಸಣ್ಣ ಕೋಣೆಗೆ ದೊಡ್ಡದಾಯಿತು.

ಹತ್ತಿ ಒತ್ತಿಕೊಂಡು ಕೂತಿದ್ದ ಉದಯಶಂಕರ್ ಅವರಿಗೆ ಇಂಗ್ಲಿಷಿನ ಮಾತು ಪೂರ್ತಿ ಹಿಡಿಯಲಿಲ್ಲವಾದರೂ ಬಿದ್ದದ್ದು ಏನೆಂದು ಕಂಡಿತ್ತು.

“ಯಾಕಮ್ಮ, ಎಸೆದುಬಿಟ್ಟೆ? ನನ್ನ ರಕ್ತ ಅಷ್ಟೊಂದು ಕೆಟ್ಟಿದ್ಯಾ?”

ಅವಳು ಸ್ಟೂಲು ಎಳೆದು ಅವರ ಮುಖದ ಮಟ್ಟಕ್ಕೆ ಕೂತಳು. ನಡೆದದ್ದನ್ನು ಹೇಳಿದಳು. ಹೆಸರು ಕೇಳಿಯೇ ತೆಗೆಯಬೇಕಿತ್ತು, ತನ್ನ ತಪ್ಪು, ಈಗ ಇನ್ನೊಮ್ಮೆ ಚುಚ್ಚಬೇಕು, ಬೇಡವೆಂದರೆ ಹೂಯಿಯಾ ತೆಗೆಯುತ್ತಾಳೆ. ಮುದುಕರ ಮುಖ ಗಂಟಿಕ್ಕುತ್ತ ಬಂತು. ಚುಚ್ಚಿದ್ದಕ್ಕಲ್ಲ ಎನ್ನುವುದು ಅವಳಿಗೆ ತಿಳಿಯುತ್ತಿತ್ತು.

“ನರ್ಸ್ ಆಗಿರೋಳು ನೀನು. ಗುರುತಿದ್ದೋರ ಹೆಸರನ್ನ ಯಾರಾದ್ರೂ ಕೇಳ್ತಾರೇನಮ್ಮ? ನಾನೇನು ದಾರೀಲಿ ಹೋಗೋನಾ?”

“ನಾನು ನರ್ಸ್ ಅಲ್ರಿ,” ಎಂದಳು ಕೃಪಾ. ಇಷ್ಟು ದಿನ ಇವರ ಮುಂದೆ ತಿದ್ದಿ ತಿದ್ದಿ ಆಡುತ್ತಿದ್ದ ಮಾತು ಎಲ್ಲಿ ಹೋಯಿತೋ, ಊರಿನದೇ ಬಂತು. “ನಮ್ಮನಿಯವ್ರು ಹಂಗ ಹೇಳಿದ್ರು, ನಾನೂ ಸುಮ್ನಿದ್ದೆ. ನಾನು ಅಸಿಸ್ಟೆಂಟ್ ಅದೀನ್ರಿ. ರಕ್ತ ತಗ್ಯಾದು ಇನ್ನಾ ಕಲ್ಯಾಕತ್ತೀನಿ. ಚಲೋ ಕಲೀಬೇಕು ಅಂತ ಆಸೆ ಐತಿ.”

ಬ್ಯಾಡ್ಜನ್ನು ತಿರುಗಿಸಿ ಎದೆಯ ಮೇಲೆ ನೇರ ಮಾಡಿಕೊಂಡಳು. ಮುದುಕರು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. ಪೂರ್ತಿ ಓದಿದರು, ತುಟಿ ಅಲ್ಲಾಡಿಸುತ್ತ. ಆಮೇಲೆ ಕಿಟಕಿಯ ಕಡೆ ನೋಡಿದರು. ಹೊರಗೆ ಪಾರ್ಕಿಂಗಿನಲ್ಲಿ ಒಂದು ಯೂಟ್ ಗಾಡಿ ಹಿಂದಕ್ಕೆ ಬರುತ್ತಿತ್ತು, ಅದರ ಹಿಂಬದಿಯ ತೆರೆದ ತೊಟ್ಟಿಯಲ್ಲಿ ಕುರಿಕಾಯುವ ನಾಯಿ ನಿಂತಿತ್ತು. ಅವರು ಅದನ್ನೇ ನೋಡುತ್ತಿರುವಂತೆ ಕಂಡರೂ ಮಾತು ಬೇರೆಲ್ಲಿಂದಲೋ ಬಂತು.

“ನಂಜನಗೂಡಲ್ಲಿ ಇದ್ದೆ ಆಗ. ನಮ್ಮ ಸೋದರಮಾವ ಸೈಟ್ ರಿಜಿಸ್ಟರ್ ಮಾಡ್ಸಕ್ಕೆ ಬಂದ್ರು. ನನ್ನ ಎತ್ತಿ ಆಡಿಸಿದೋರು. ಎದುರಿಗೆ ಕೂರಿಸಿಕೊಂಡು ಕೇಳ್ದೆ, ನಿಮ್ಮ ಹೆಸರೇನು, ತಂದೆ ಹೆಸರೇನು, ಈ ಸಹಿ ನಿಮ್ಮದೇನಾ ಅಂತ. ಗುಮಾಸ್ತರೆಲ್ಲ ನೋಡ್ತಿದ್ರು. ಕೇಳದೆ ಒತ್ತಿಬಿಡಬಹುದಾಗಿತ್ತು ಮುದ್ರೆ. ಅವರು ಸಾಯೋವರ್ಗೂ ನಮ್ಮನೇಲಿ ನೀರು ಮುಟ್ಟಲಿಲ್ಲ.”

“ಬ್ಯಾಸರಾತೇನ್ರಿ ನಿಮಗ?”

“ಆಯ್ತು. ಆಗದೇ ಇರುತ್ತಾ? ಆದ್ರೆ ಇನ್ನೊಂದ್ಸಲ ಬಂದಿದ್ರೂ ಕೇಳ್ತಿದ್ದೆ.” ಅವರು ಇನ್ನೊಂದು ತೋಳಿನ ಗುಂಡಿಗೆ ಕೈಹಾಕಿದರು. ಗುಂಡಿ ಬಿಚ್ಚಲು ಹೊತ್ತಾಯಿತು, ಅವಳು ಸಹಾಯಕ್ಕೆ ಕೈ ಚಾಚಲಿಲ್ಲ, ಕಾದಳು. ತೋಳು ಮಡಿಸಿಕೊಂಡು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದರು. “ಕೇಳು.”

ಕೃಪಾ ಎದ್ದು ನಿಂತಳು. ಕೂತು ಕೇಳುವುದು ಅವಳಿಗೆ ಸರಿಯೆನಿಸಲಿಲ್ಲ. ಕಾಗದ ಕೈಗೆ ತೆಗೆದುಕೊಂಡು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ನಿಮ್ಮ ಪೂರ್ತಿ ಹೆಸರು ಹೇಳಿರಿ ಎಂದಳು. ಅವರು ಹೇಳಿದರು, ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ, ಕಚೇರಿಯ ಪಡಸಾಲೆಯ ಕೊನೆಯವನಿಗೂ ಕೇಳಿಸಬೇಕೆನ್ನುವ ಗಟ್ಟಿ ದನಿಯಲ್ಲಿ. ಹುಟ್ಟಿದ ದಿನ ಕೇಳಿದಾಗ ಅವರ ಕಣ್ಣಿನ ಕೊನೆಯಲ್ಲಿ ಚೂರು ತುಂಟತನ ಕಂಡಿತು. ಅಮ್ಮ ಹೇಳಿದ್ದು ಬೇಕೋ, ಶಾಲೆಯ ಮೇಷ್ಟ್ರು ಬರೆದುಕೊಂಡದ್ದು ಬೇಕೋ ಎಂದರು. ದಾಖಲೆಯದು ಎಂದಳು. ಜೂನ್ ಒಂದು, ಎಂದು ವರ್ಷವನ್ನೂ ಹೇಳಿ, ಆ ವರ್ಷ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದ್ವಿ ಎಂದು ತಾವೇ ನಕ್ಕರು. ಮೂಲೆಯಲ್ಲಿ ಹೂಯಿಯಾ ಏನು ತಮಾಷೆ ಎಂದು ಕೇಳಲಿಲ್ಲ, ಆದರೆ ಸ್ಟೂಲಿನಿಂದ ಎದ್ದೂ ಹೋಗಲಿಲ್ಲ.

ಎಡಗೈ ಬಲಗೈಯಷ್ಟು ಸಲೀಸಾಗಿರಲಿಲ್ಲ. ಅಲ್ಲಿ ನರ ಆಳಕ್ಕಿತ್ತು, ಬೆರಳಿಗೆ ಸಿಕ್ಕು ಸಿಕ್ಕು ಮರೆಯಾಗುತ್ತಿತ್ತು. ಸೂಜಿ ಇಳಿಸಿದಾಗ ಮೊದಲು ಏನೂ ಬರಲಿಲ್ಲ. ಒಂದೆಳೆ ಹಿಂದಕ್ಕೆ ಸರಿಸಿ, ಉಸಿರು ಬಿಗಿಹಿಡಿದು ನಿಂತಾಗ ಕೊಳವೆಯ ತಳದಲ್ಲಿ ಕೆಂಪು ಕಾಣಿಸಿತು. ಮುದುಕರು ಹಲ್ಲು ಕಚ್ಚಿಕೊಂಡಿದ್ದರು, ಹತ್ತಿಯಡಿ ಸಣ್ಣ ಕಲೆಯೂ ಉಳಿಯಿತು. ಚೀಟಿ ಬರೆದು ಅವರ ಕೈಗೆ ಕೊಟ್ಟು ಓದಿಸಿದಳು. ಅವರು ಓದಿ, ಅಕ್ಷರ ಚೆನ್ನಾಗಿದೆ ಎಂದರು. ಹೊರಗೆ ಬಿಡಲು ಹೋದಾಗ ಫೋನು ಮುಗಿಸಿ ಬಂದ ಅಪೂರ್ವಾ, ಇಷ್ಟು ಹೊತ್ತು ಯಾಕಾಯಿತು, ಎರಡೂ ಕೈಗೆ ಯಾಕೆ ಹತ್ತಿ ಎಂದು ಗಾಬರಿಯಾದಳು. ಮುದುಕರು ಟೋಪಿ ಹಾಕಿಕೊಳ್ಳುತ್ತ, ಸೊಸೆಗೆ, ಈ ಹುಡುಗಿ ಅಸಿಸ್ಟೆಂಟು, ನರ್ಸಲ್ಲ, ನನ್ನ ಹೆಸರು ಕೇಳಿದಳು ಎಂದರು. ಅದರಲ್ಲಿ ದೂರಿತ್ತೋ ಶಿಫಾರಸ್ಸಿತ್ತೋ ಅಪೂರ್ವಾಳಿಗೆ ತಿಳಿಯಲಿಲ್ಲ. ಅವಳು ಕೃಪಾಳ ಬ್ಯಾಡ್ಜು ನೋಡಿ, ಕಣ್ಣು ತೆಗೆದು, ಸರಿ ಬರ್ತೀವಿ ಎಂದಳು. ಸಂಜೆಯೊಳಗೆ ಮಾತು ರೊಟೊಟೂನವೆಲ್ಲ ಸುತ್ತಿಬರುತ್ತದೆ. ಬರಲಿ ಎಂದುಕೊಂಡಳು ಕೃಪಾ, ಮತ್ತು ಹಾಗೆ ಅಂದುಕೊಂಡದ್ದಕ್ಕೆ ತಾನೇ ಆಶ್ಚರ್ಯಪಟ್ಟಳು. ಎದೆಯ ಮೇಲಿನ ಆ ಉದ್ದನೆಯ ಹೆಸರು ಈಗ ಯಾರೂ ಏರಿಸಿ ಕೊಟ್ಟದ್ದಾಗಿರಲಿಲ್ಲ, ಯಾರೂ ಇಳಿಸಲು ಬರುವಂತೆಯೂ ಇರಲಿಲ್ಲ.

ಸಹಿ ಬೀಳಲಿಲ್ಲ. ಮೊದಲ ಮಾತಿನಿಂದ ನೋಡಬೇಕು, ಮೊದಲ ಮಾತು ತಪ್ಪಿತು, ಇವತ್ತಿನದು ಲೆಕ್ಕಕ್ಕಿಲ್ಲ ಎಂದು ಹೂಯಿಯಾ ಮಂಚ ಒರೆಸುತ್ತಿದ್ದ ಕೃಪಾಳಿಗೆ ಹೇಳಿದಳು. ಶುಕ್ರವಾರ ಮತ್ತೆ ಕೂರುತ್ತೇನೆ. ಮ್ಯಾನೇಜರು ಹೊಸಬಳ ಮಾತೆತ್ತಿದರೆ ನನ್ನ ಹತ್ತಿರ ಕಳಿಸು. ಅಷ್ಟು ಹೇಳಿ ಹೋದಳು. ಉಳಿದ ಬೆಳಗಿಡೀ ಕೃಪಾ ತೂಕ ನೋಡಿದಳು, ಕಿವಿ ತೊಳೆದ ಬಟ್ಟಲು ತೊಳೆದಳು, ಮೊಳೆ ತುಳಿದ ಕೂಲಿಯವನೊಬ್ಬನ ಪಾದವನ್ನು ನೀಲಿ ದಿಂಬಿನ ಮೇಲೆ ಇಟ್ಟು ಪಟ್ಟಿ ಕಟ್ಟಲು ನರ್ಸಿಗೆ ನೆರವಾದಳು. ಪ್ರಮೋದ್‌ನ ಮೆಸೇಜು ಎರಡು ಸಲ ಬಂತು, ಆಯ್ತೇನು ಎಂದು. ಆಗಲಿಲ್ಲ, ಆದರ ಚಲೋ ಆತು ಎಂದು ಬರೆದಳು. ಅವನಿಗೆ ಏನು ಅರ್ಥವಾಯಿತೋ, ಪ್ರಶ್ನೆಯ ಚಿಹ್ನೆಯೊಂದನ್ನು ಕಳಿಸಿದ.

ಊಟದ ಹೊತ್ತಿಗೆ ಎಲ್ಲರೂ ಹಿಂದಿನ ಕೋಣೆಗೆ ಹೋದ ಮೇಲೆ ಹೂಯಿಯಾ ಚಿಕಿತ್ಸೆಯ ಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು. ಜೇಬಿನಿಂದ ಲ್ಯಾಬಿನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳು ಸವೆದು ಕಾಗದ ಬಟ್ಟೆಯಂತಾಗಿತ್ತು. ಡಾಕ್ಟರು ನನಗೆ ಬರೆದುಕೊಟ್ಟು ಬಹಳ ದಿನವಾಯಿತು, ರಕ್ತ ತೆಗೆಸಿಕೊಂಡಿಲ್ಲ, ಊರವರಿಗೆಲ್ಲ ಚುಚ್ಚುತ್ತೇನೆ, ನನಗೆ ಚುಚ್ಚುವವರನ್ನು ಕಂಡರೆ ಬೆವರುತ್ತೇನೆ ಎಂದಳು, ನಗದೆ. ಇದೂ ಲೆಕ್ಕಕ್ಕಿಲ್ಲ, ಹೇಳಿದ್ದೇನೆ. ನಾನು ಹೇಗೂ ಇಲ್ಲೇ ಇದ್ದು ನೋಡುತ್ತಿರುತ್ತೇನೆ, ಅಷ್ಟೇ. ರೋಗಿಗಳ ಕುರ್ಚಿಯಲ್ಲಿ ಕೂತು, ಸಮವಸ್ತ್ರದ ತೋಳನ್ನು ಹೆಗಲಿನವರೆಗೆ ಸುತ್ತಿ, ಮೊಳಕೈಯನ್ನು ಆಸರೆಯ ಮೇಲೆ ಚಾಚಿ ಕಣ್ಣು ಮುಚ್ಚಿಕೊಂಡಳು.

ಕೃಪಾ ಕೈ ತೊಳೆದಳು. ಬೆರಳುಗಳ ಸಂದು, ಹೆಬ್ಬೆರಳಿನ ಬುಡ, ಉಗುರಿನ ತುದಿ. ಒರೆಸಿಕೊಂಡು, ಕಾಗದ ಕೈಗೆ ತೆಗೆದುಕೊಂಡು ಎದುರಿಗೆ ನಿಂತಳು. ಈ ಹೆಂಗಸಿನ ಜೊತೆ ವರ್ಷಗಟ್ಟಲೆ ಚಹಾ ಕುಡಿದಿದ್ದಾಳೆ, ಅವಳ ಮೊಮ್ಮಗಳ ಫೋಟೋ ನೋಡಿದ್ದಾಳೆ, ಅವಳ ನಡಿಗೆಯ ಸದ್ದನ್ನು ಗೋಡೆಯಾಚೆಯಿಂದ ಗುರುತಿಸುತ್ತಾಳೆ.

“ನಿಮ್ಮ ಪೂರ್ತಿ ಹೆಸರು ಹೇಳಿ,” ಎಂದಳು.

ಹೂಯಿಯಾ ಕಣ್ಣು ತೆರೆದಳು. ಅವಳ ಮುಖದ ಮೇಲೆ, ತುಟಿಯ ಎರಡೂ ಬದಿ, ಏನೋ ಮೆಲ್ಲಗೆ ಸಡಿಲವಾಯಿತು. ಬೆನ್ನು ನೆಟ್ಟಗೆ ಮಾಡಿ ಹೇಳಿದಳು: ಹೂಯಿಯಾ ತೆ ಅತಾರಂಗಿ ಮಾರ್ಗರೆಟ್ ಹೋಹೆಪಾ. ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ, ತೆ ಅತಾರಂಗಿ ಅಜ್ಜಿಯ ಹೆಸರು ಎಂದೂ ಸೇರಿಸಿ. ಆ ಹೆಸರನ್ನು ಇಡಿಯಾಗಿ ಕೃಪಾ ಕೇಳಿದ್ದು ಅದೇ ಮೊದಲು. ಕಾಗದದ ಮೇಲೆ ಬೆರಳಿಟ್ಟು ಪ್ರತಿಯೊಂದು ತುಂಡನ್ನೂ ತಾಳೆ ನೋಡಿದಳು. ಸರಿಯಾಗಿತ್ತು. ಆಮೇಲೆ ಹುಟ್ಟಿದ ದಿನ ಕೇಳಿದಳು.